ಶಿರಸಿಯಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ, ಎಷ್ಟು ಹೊತ್ತು? ಮನೆ ಬಾಗಿಲಿನಿಂದ ಲೆಕ್ಕ ಹಾಕುವ ಬಗೆ

ಕೆಲವು ವರ್ಷಗಳ ಹಿಂದೆ ದೊಡ್ಡಪ್ಪ ಮತ್ತು ದೊಡ್ಡಮ್ಮ ಮಗನ ಮನೆಗೆಂದು ಅಮೆರಿಕಕ್ಕೆ ಹೊರಟಿದ್ದರು. ಟಿಕೆಟ್ಟಿನಲ್ಲಿ 15ನೇ ತಾರೀಕು, 00:50 ಎಂದಿತ್ತು. ಮನೆಯವರೆಲ್ಲ ಅದನ್ನು ‘15ರ ರಾತ್ರಿ’ ಎಂದೇ ಓದಿಕೊಂಡೆವು. 15ರ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಹಪ್ಪಳ, ಉಪ್ಪಿನಕಾಯಿ, ತೊಡೆದೇವು ಎಲ್ಲ ಪ್ಯಾಕ್ ಮಾಡಿ ಕಳಿಸಿಕೊಟ್ಟೆವು. ರಾತ್ರಿ 9 ಗಂಟೆಗೆ ಬೆಂಗಳೂರಿನ ವಿಮಾನ ನಿಲ್ದಾಣದಿಂದ ಫೋನ್ ಬಂತು. ‘ತಮಾ, ವಿಮಾನ ನಿನ್ನೆ ರಾತ್ರಿನೇ ಹೋಯ್ದಡ.’ ದೊಡ್ಡಪ್ಪನ ಆ ದನಿ ಇನ್ನೂ ಕಿವಿಯಲ್ಲಿದೆ. 15ನೇ ತಾರೀಕು 00:50 ಎಂದರೆ 14ರ ರಾತ್ರಿ ಊಟ ಮುಗಿದ ಮೇಲಿನ ಹೊತ್ತು. ಹೊಸ ಟಿಕೆಟ್ಟಿಗೆ ಹೋದ ದುಡ್ಡಿಗಿಂತ ಅವರಿಬ್ಬರೂ ಆ ರಾತ್ರಿ ಕುರ್ಚಿ ಮೇಲೆ ಕೂತು ಕಳೆದದ್ದು ನನಗೆ ಜಾಸ್ತಿ ಬೇಸರ ತಂದಿತು.

ಆವತ್ತಿನಿಂದ ನಮ್ಮ ಕಡೆ ಯಾರೇ ಹೊರದೇಶಕ್ಕೆ ಹೊರಟರೂ ನಾನೇ ಒಂದು ಹಾಳೆ ಹಿಡಿದು ಕೂರುತ್ತೇನೆ. ದೂರ ಎಷ್ಟು, ಗಾಳಿಯಲ್ಲಿ ಎಷ್ಟು ಹೊತ್ತು, ಗಡಿಯಾರದ ವ್ಯತ್ಯಾಸ ಎಷ್ಟು, ಮನೆಯಿಂದ ಯಾವಾಗ ಹೊರಡಬೇಕು, ಎಲ್ಲವನ್ನೂ ಬರೆದು ಕೊಡುತ್ತೇನೆ. ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳಿದ್ದೇನೆ. ಮೊಬೈಲಿನಲ್ಲಿ ಎರಡು ಊರಿನ ಹೆಸರು ಹಾಕಿದರೆ ‘ಇಷ್ಟು ಕಿಲೋಮೀಟರ್, ಇಷ್ಟು ಗಂಟೆ’ ಎಂದು ಬಂದೇ ಬರುತ್ತದೆ. ಆದರೆ ಅದು ಒಂದು ರನ್‌ವೇಯಿಂದ ಇನ್ನೊಂದು ರನ್‌ವೇವರೆಗಿನ ಲೆಕ್ಕ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಜನ ಹತ್ತುವ ವಿಮಾನ ನಿಲ್ದಾಣವೇ ಇಲ್ಲ. ನಮ್ಮ ಲೆಕ್ಕ ಅಂಗಳದಿಂದಲೇ ಶುರುವಾಗಬೇಕು.

ಹೆಜ್ಜೆ 1: ದೂರ ಅಳೆಯುವುದು

ಎಲ್ಲಕ್ಕಿಂತ ಸುಲಭದ ದಾರಿ ಗೂಗಲ್ ಮ್ಯಾಪ್. ಹೊರಡುವ ವಿಮಾನ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿದರೆ ಕೆಂಪು ಗುರುತು ಬೀಳುತ್ತದೆ. ಕೆಳಗೆ ದೂರ ಅಳೆಯುವ ಆಯ್ಕೆ ಇರುತ್ತದೆ. ಅದನ್ನು ಒತ್ತಿ ನಕ್ಷೆಯನ್ನು ತಲುಪುವ ಊರಿಗೆ ಎಳೆದರೆ ಕಿಲೋಮೀಟರ್ ತೋರಿಸುತ್ತದೆ.

ಆದರೆ ಒಮ್ಮೆಯಾದರೂ ಗ್ಲೋಬಿನ ಮೇಲೆ ದಾರ ಇಟ್ಟು ನೋಡಿ. ಯಾಕೆಂದರೆ ಗೋಡೆಯ ನಕ್ಷೆ ನಮ್ಮ ಕಣ್ಣಿಗೆ ಮೋಸ ಮಾಡುತ್ತದೆ. ಗೋಡೆಯ ನಕ್ಷೆಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಗೆರೆ ಎಳೆದರೆ ಅದು ಎಡಕ್ಕೆ ಹೋಗಿ ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟುತ್ತದೆ. ಹೋದ ವರ್ಷ ಅಣ್ಣನ ಮಗಳ ಶಾಲೆಯ ಗ್ಲೋಬ್ ಮನೆಯಲ್ಲಿತ್ತು. ಜಗುಲಿಯಲ್ಲಿ ಅತ್ತಿಗೆ ಅಬ್ಬಲಿಗೆ ದಂಡೆ ಕಟ್ಟುತ್ತಿದ್ದರು. ಅವರ ಹತ್ತಿರವೇ ಒಂದು ಎಳೆ ಬಾಳೆನಾರು ಇಸಿದುಕೊಂಡೆವು. ಒದ್ದೆ ನಾರು ಗ್ಲೋಬಿನ ಮೇಲೆ ಜಾರುತ್ತಿತ್ತು. ಒಂದು ತುದಿಯನ್ನು ಬೆಂಗಳೂರಿನ ಮೇಲೆ ನಾನು ಒತ್ತಿ ಹಿಡಿದೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಅವಳು ಎಳೆದು ಹಿಡಿದಳು. ಬಿಗಿ ಮಾಡಿದ ಹಾಗೆ ನಾರು ತಾನಾಗಿಯೇ ಮೇಲೆ ಸರಿಯಿತು. ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ, ಆಮೇಲೆ ಅಲಾಸ್ಕಾದ ಕರಾವಳಿ, ಅಲ್ಲಿಂದ ಕೆಳಗೆ ಕ್ಯಾಲಿಫೋರ್ನಿಯಾ. ‘ಇದೇನು, ಉತ್ತರಕ್ಕೆ ಹೋಗಿಬಿಡ್ತು!’ ಎಂದಳು ಅವಳು. ಉಂಡೆಯ ಮೇಲೆ ಎರಡು ಜಾಗದ ನಡುವಿನ ಅತಿ ಹತ್ತಿರದ ದಾರಿ ಅದೇ. ವಿಮಾನಗಳು ಆದಷ್ಟು ಹಿಡಿಯಲು ನೋಡುವುದು ಇದೇ ಗೆರೆಯನ್ನು.

ಈಗ ಆ ನಾರನ್ನು ಕಿಲೋಮೀಟರಿಗೆ ತಿರುಗಿಸಬೇಕು. ಗ್ಲೋಬಿನ ಹೊಟ್ಟೆಗೆ, ಅಂದರೆ ಭೂಮಧ್ಯ ರೇಖೆಗೆ, ದಾರ ಸುತ್ತಿ ಅಳೆಯಿರಿ. ನಮ್ಮದಕ್ಕೆ 94 ಸೆಂಟಿಮೀಟರ್ ಬಂತು. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅದನ್ನು 94ರಿಂದ ಭಾಗಿಸಿದರೆ 1 ಸೆಂಟಿಮೀಟರಿಗೆ ಸುಮಾರು 425 ಕಿ.ಮೀ. ಬಾಳೆನಾರು 33 ಸೆಂಟಿಮೀಟರ್ ಇತ್ತು. 33 × 425 ಅಂದರೆ 14,025 ಕಿ.ಮೀ. ನಿಜವಾದ ಲೆಕ್ಕಕ್ಕೂ ಇದಕ್ಕೂ ಐವತ್ತು ಕಿಲೋಮೀಟರ್ ವ್ಯತ್ಯಾಸವೂ ಇಲ್ಲ. ಹೂ ಕಟ್ಟುವ ನಾರಿನಲ್ಲಿ ಇಷ್ಟು ಸರಿಯಾಗಿ ಬಂದದ್ದು ನೋಡಿ ನನಗಂತೂ ತುಂಬಾ ಖುಷಿಯಾಯಿತು.

ಇನ್ನೂ ಕರಾರುವಾಕ್ಕಾಗಿ ಬೇಕು ಅನ್ನುವವರಿಗೆ ಕ್ಯಾಲ್ಕುಲೇಟರ್ ದಾರಿ ಇದೆ. ಹತ್ತನೇ ಕ್ಲಾಸಿನ ತ್ರಿಕೋನಮಿತಿ ನೆನಪಿದ್ದರೆ ಸಾಕು. ಮೊಬೈಲಿನ ಕ್ಯಾಲ್ಕುಲೇಟರ್ ಅಡ್ಡ ಮಾಡಿದರೆ ಬಹಳಷ್ಟು ಫೋನುಗಳಲ್ಲಿ ಸೈನ್, ಕಾಸ್ ಕೀಲಿಗಳು ಬರುತ್ತವೆ. ಅದು ಡಿಗ್ರಿ ಮೋಡಿನಲ್ಲಿ ಇದೆಯಾ ಎಂದು ಮೊದಲು ನೋಡಿ. ರೇಡಿಯನ್ನಿನಲ್ಲಿದ್ದರೆ ಉತ್ತರ ಎಲ್ಲೋ ಹೋಗುತ್ತದೆ.

ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬೇಕು. ಮ್ಯಾಪಿನಲ್ಲಿ ಒತ್ತಿ ಹಿಡಿದರೆ ಅವೂ ಸಿಗುತ್ತವೆ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನವರನ್ನು ಕೇಳಿದರೆ ಇದನ್ನು ನಮಗಿಂತ ಚೆನ್ನಾಗಿ ಹೇಳುತ್ತಾರೆ. ಮೀನು ಸಿಕ್ಕ ಜಾಗವನ್ನು ಅವರು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಳ್ಳುವುದು ಇದೇ ಎರಡು ಅಂಕಿಗಳಿಂದ. ಅವರು ಬಳಸುವ ನಾಟಿಕಲ್ ಮೈಲಿಯೇ ಪೈಲಟ್‌ಗಳ ಅಳತೆಯೂ ಹೌದು. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಅಂಥ 60 ಸೇರಿದರೆ ಅಕ್ಷಾಂಶದ ಒಂದು ಡಿಗ್ರಿ, ಅಂದರೆ ಸುಮಾರು 111 ಕಿ.ಮೀ.

ಬೆಂಗಳೂರಿನಿಂದ ಲಂಡನ್ನಿಗೆ ಮಾಡಿ ನೋಡೋಣ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಉತ್ತರಕ್ಕೆ 13.20, ಪೂರ್ವಕ್ಕೆ 77.71. ಲಂಡನ್ನಿನ ಹೀಥ್ರೂ ಉತ್ತರಕ್ಕೆ 51.47, ಪಶ್ಚಿಮಕ್ಕೆ 0.45. ಪಶ್ಚಿಮದ್ದಕ್ಕೆ ಮೈನಸ್ ಹಾಕಬೇಕು, ಇದನ್ನು ಮರೆಯುವವರೇ ಜಾಸ್ತಿ. ರೇಖಾಂಶಗಳ ಅಂತರ 77.71 + 0.45 = 78.16.

ಮೊದಲು ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ: 0.2284 × 0.7823 = 0.1786.
ಆಮೇಲೆ ಎರಡೂ ಅಕ್ಷಾಂಶಗಳ ಕಾಸ್, ಜೊತೆಗೆ ರೇಖಾಂಶದ ಅಂತರದ ಕಾಸ್, ಮೂರನ್ನೂ ಗುಣಿಸಿ: 0.9736 × 0.6229 × 0.2052 = 0.1244.
ಎರಡನ್ನೂ ಕೂಡಿಸಿದರೆ 0.3030. ಇದರ ತಿರುಗು ಕಾಸ್ (cos⁻¹ ಕೀಲಿ) ಒತ್ತಿದರೆ 72.36 ಡಿಗ್ರಿ.
ಅದನ್ನು ಒಂದು ಡಿಗ್ರಿಯ ಕಿಲೋಮೀಟರ್, ಅಂದರೆ 111.19ರಿಂದ ಗುಣಿಸಿ. 8,045 ಕಿ.ಮೀ. ಸುಮಾರು.

ಇದೇ ರೀತಿ ಮಾಡಿದರೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 13,990 ಕಿ.ಮೀ., ಬೆಂಗಳೂರು–ದುಬೈ ಸುಮಾರು 2,700, ಗೋವಾದ ದಾಬೋಲಿಂನಿಂದ ದುಬೈ ಸುಮಾರು 2,220.

ಹೆಜ್ಜೆ 2: ವಿಮಾನ ನಿಜವಾಗಿ ಹಾರುವ ದಾರಿ

ದಾರ ತೋರಿಸಿದ ದಾರಿಯಲ್ಲೇ ವಿಮಾನ ಹೋಗುತ್ತದೆ ಎಂದೇನಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ದಾರ ಟಿಬೆಟ್ ಮೇಲೆ ಹಾದುಹೋಯಿತಲ್ಲ, ಅಲ್ಲಿ ವಿಮಾನಗಳು ಕಡಿಮೆ. ಒಳಗಿನ ಗಾಳಿಯ ಒತ್ತಡ ತಪ್ಪಿದರೆ ವಿಮಾನ ಬೇಗನೆ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟ್ಟಿನ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಇಳಿಯುವುದಾದರೂ ಎಲ್ಲಿಗೆ?

ಇನ್ನೊಂದು ಅಡ್ಡಿ ದೇಶ ದೇಶಗಳ ಜಗಳ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪ್, ಅಮೆರಿಕದ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. 2025ರ ಏಪ್ರಿಲ್ ಕೊನೆಯಲ್ಲಿ ಪಾಕಿಸ್ತಾನ ಭಾರತದ ಕಂಪನಿಗಳಿಗೆ ತನ್ನ ಆಕಾಶ ಮುಚ್ಚಿತು. ಹಾಗಾದಾಗ ಸುತ್ತು ಹಾಕಬೇಕು, ಹೊತ್ತು ಜಾಸ್ತಿ ಬೇಕು, ಕೆಲವೊಮ್ಮೆ ನಡುವೆ ಇಳಿದು ಎಣ್ಣೆ ತುಂಬಿಸಿಕೊಳ್ಳಬೇಕು. ಆದ್ದರಿಂದ ಎರಡು ವರ್ಷದ ಹಿಂದೆ ಹೋಗಿ ಬಂದವರು ಹೇಳಿದ ಗಂಟೆಯನ್ನು ನಂಬಿಕೊಳ್ಳಬೇಡಿ. ವಿಮಾನಗಳ ದಾರಿ ತೋರಿಸುವ ಫ್ಲೈಟ್‌ರಾಡಾರ್24 ವೆಬ್‌ಸೈಟಿನಲ್ಲಿ ನಿಮ್ಮ ವಿಮಾನದ ನಂಬರ್ ಹಾಕಿದರೆ ಹಿಂದಿನ ಕೆಲವು ದಿನ ಅದು ಯಾವ ದಾರಿಯಲ್ಲಿ ಹೋಯಿತು, ಎಷ್ಟು ಹೊತ್ತಿಗೆ ಇಳಿಯಿತು ಎಂದು ಕಾಣುತ್ತದೆ. ನಾನು ಹೆಚ್ಚು ನಂಬುವುದು ಅದನ್ನೇ.

ಇನ್ನು ನಡುವೆ ಇಳಿದು ಬೇರೆ ವಿಮಾನ ಹತ್ತುವುದಾದರೆ ದೂರ ತಾನಾಗಿಯೇ ಹೆಚ್ಚುತ್ತದೆ. ದುಬೈ ಮೇಲೆ ಹೋದರೆ 2,700 ಮತ್ತು 13,020 ಸೇರಿ ಸುಮಾರು 15,720 ಕಿ.ಮೀ. ಲಂಡನ್ ಮೇಲೆ ಹೋದರೆ 8,045 ಮತ್ತು 8,615 ಸೇರಿ ಸುಮಾರು 16,660. ಗ್ಲೋಬ್ ಕೈಯಲ್ಲಿದ್ದರೆ ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೊಗೂ ದಾರ ಇಟ್ಟು ನೋಡಿ. ಉತ್ತರ ಧ್ರುವದ ಪಕ್ಕದಲ್ಲೇ ಹಾದು ಹೋಗುತ್ತದೆ.

ಹೆಜ್ಜೆ 3: ಗಾಳಿಯಲ್ಲಿ ಎಷ್ಟು ಹೊತ್ತು

ದೊಡ್ಡ ವಿಮಾನಗಳು ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುತ್ತವೆ. ಆದರೆ ಏರುವಾಗ, ಇಳಿಯುವಾಗ ಆ ವೇಗ ಇರುವುದಿಲ್ಲ. ನನ್ನ ರೂಢಿ ಇಷ್ಟು: ಕಿಲೋಮೀಟರನ್ನು 850ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸುವುದು.

ದಾಬೋಲಿಂ–ದುಬೈ: 2,220 ÷ 850 = 2.6. ಅರ್ಧ ಗಂಟೆ ಸೇರಿಸಿದರೆ 3 ಗಂಟೆ 6 ನಿಮಿಷ. ಬೆಂಗಳೂರು–ಲಂಡನ್: ಒಂಬತ್ತೂವರೆ ಮತ್ತು ಅರ್ಧ, ಹತ್ತು ಗಂಟೆ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ಹೋದರೆ 17 ಗಂಟೆ.

ಟಿಕೆಟ್ಟಿನಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ. ಯಾಕೆಂದರೆ ಕಂಪನಿಯವರು ಬರೆಯುವುದು ಗೇಟ್ ಬಿಟ್ಟ ಹೊತ್ತಿನಿಂದ ಗೇಟ್ ಸೇರುವ ಹೊತ್ತಿನವರೆಗೆ. ರನ್‌ವೇ ಕಡೆ ನಿಧಾನ ಉರುಳುವುದು, ಸಾಲಿನಲ್ಲಿ ಕಾಯುವುದು ಎಲ್ಲ ಅದರಲ್ಲೇ ಸೇರಿರುತ್ತದೆ.

ಹೋಗುವ ಹೊತ್ತು, ಬರುವ ಹೊತ್ತು ಒಂದೇ ಇರುವುದಿಲ್ಲ. ಸುಮಾರು 10ರಿಂದ 12 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿಯ ಹೊಳೆಯೇ ಹರಿಯುತ್ತದೆ, ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಅದಕ್ಕೆ ಬಲ ಜಾಸ್ತಿ. ಕಾಳಿ ನದಿಯಲ್ಲಿ ಹರಿವಿನ ಜೊತೆ ದೋಣಿ ಬಿಡುವುದಕ್ಕೂ ಹರಿವಿಗೆ ಎದುರು ಹುಟ್ಟು ಹಾಕುವುದಕ್ಕೂ ವ್ಯತ್ಯಾಸ ಇದೆ ಅಲ್ವಾ, ಹಾಗೆಯೇ ಇದು. ಲಂಡನ್ನಿಗೆ ಹೋಗುವುದಕ್ಕಿಂತ ಲಂಡನ್ನಿನಿಂದ ಬರುವುದು ಸಾಮಾನ್ಯವಾಗಿ ಬೇಗ.

ಹೆಜ್ಜೆ 4: ಗಡಿಯಾರವನ್ನು ಊರಿನದ್ದೇ ಇಟ್ಟುಕೊಳ್ಳಿ

ಎಲ್ಲರೂ ಎಡವುವುದು ಇಲ್ಲಿಯೇ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದ್ದು, ತಲುಪುವ ಹೊತ್ತು ತಲುಪುವ ಊರಿನದ್ದು. ಒಂದರಿಂದ ಇನ್ನೊಂದನ್ನು ಸುಮ್ನೆ ಕಳೆದರೆ ತಪ್ಪು ಉತ್ತರ ಬರುತ್ತದೆ.

ಉಪಾಯ ಒಂದೇ. ಎಲ್ಲವನ್ನೂ ಭಾರತದ ಹೊತ್ತಿಗೆ ತಿರುಗಿಸಿ, ಆಮೇಲೆ ಕಳೆಯಿರಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ವರ್ಷವಿಡೀ. ಲಂಡನ್ ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ.

ಒಂದು ಉದಾಹರಣೆ ನೋಡಿ. ಜನವರಿಯಲ್ಲಿ ಮಧ್ಯಾಹ್ನ 1:40ಕ್ಕೆ ಬೆಂಗಳೂರು ಬಿಟ್ಟು ಸಂಜೆ 6:50ಕ್ಕೆ ಲಂಡನ್ ಸೇರುತ್ತದೆ ಎಂದಿಟ್ಟುಕೊಳ್ಳಿ. ಹಾಳೆಯ ಮೇಲೆ 5 ಗಂಟೆ 10 ನಿಮಿಷ ಅಷ್ಟೇ. ಅದಕ್ಕೆ 5:30 ಸೇರಿಸಿ. 10 ಗಂಟೆ 40 ನಿಮಿಷ. ಹೆಜ್ಜೆ 3ರಲ್ಲಿ ಬಂದ ಹತ್ತು ಗಂಟೆಗೆ ಇದು ಹತ್ತಿರ ಇದೆ, ಹಾಗಾಗಿ ಲೆಕ್ಕ ಸರಿ. ಹತ್ತಿರ ಬರದಿದ್ದರೆ ಎಲ್ಲೋ ತಾರೀಕು ತಪ್ಪಿದೆ ಎಂದೇ ತಿಳಿಯಿರಿ.

ಅಮೆರಿಕದಲ್ಲಿ ಗಡಿಯಾರವನ್ನು ಮಾರ್ಚ್‌ನ ಎರಡನೇ ಭಾನುವಾರ ಒಂದು ಗಂಟೆ ಮುಂದಿಡುತ್ತಾರೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಬ್ರಿಟನ್ನಿನಲ್ಲಿ ಮಾರ್ಚ್‌ನ ಕೊನೇ ಭಾನುವಾರ ಮತ್ತು ಅಕ್ಟೋಬರಿನ ಕೊನೇ ಭಾನುವಾರ. ಮಾರ್ಚ್ ತಿಂಗಳಲ್ಲಿ ಲಂಡನ್ ಮೇಲೆ ಅಮೆರಿಕಕ್ಕೆ ಹೋಗುವವರು ಇದನ್ನು ಎರಡು ಸಲ ನೋಡಿಕೊಳ್ಳಬೇಕು.

2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನ ಶುರು ಮಾಡಿದಾಗ ಮೊದಲ ಹಾರಾಟದ ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು. ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ಅವರು 9ನೇ ತಾರೀಕು ರಾತ್ರಿ ಅಲ್ಲಿ ಹೊರಟು, ಉತ್ತರ ಧ್ರುವದ ದಾರಿ ಹಿಡಿದು, 11ರ ಬೆಳಗಿನ ಜಾವ ಬೆಂಗಳೂರಿಗೆ ಇಳಿದರು. ತಾರೀಕು ಮಾತ್ರ ನೋಡಿದರೆ ಎರಡು ದಿನ ಹಾರಿದ ಹಾಗೆ ಕಾಣುತ್ತದೆ. ಹಾರಿದ್ದು 17 ಗಂಟೆ ಚಿಲ್ಲರೆ.

ಇನ್ನು ನಡುರಾತ್ರಿಯ ವಿಮಾನ. ಟಿಕೆಟ್ಟಿನಲ್ಲಿ 00:00ರಿಂದ 05:00ರ ನಡುವಿನ ಹೊತ್ತು ಕಂಡರೆ ತಕ್ಷಣ ಪಕ್ಕದಲ್ಲಿ ಪೆನ್ನಿನಿಂದ ‘ಹಿಂದಿನ ದಿನ ಸಂಜೆ’ ಎಂದು ಬರೆಯಿರಿ. ಬರೀ ತಾರೀಕು ಸಾಲದು, ವಾರವನ್ನೂ ಬರೆಯಿರಿ. ‘14, ಮಂಗಳವಾರ ಮಧ್ಯಾಹ್ನ ಮನೆ ಬಿಡುವುದು’ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಇಂಕಿನಲ್ಲಿ ಇರಲಿ.

ಹೆಜ್ಜೆ 5: ಮನೆಯಿಂದ ವಿಮಾನ ನಿಲ್ದಾಣಕ್ಕೆ

ಈ ಹೆಜ್ಜೆಗೆ ಹೆಚ್ಚು ಹೊತ್ತು ಕೊಡಿ. ಹದಿನಾಲ್ಕು ಸಾವಿರ ಕಿಲೋಮೀಟರನ್ನು ವಿಮಾನ ಹದಿನೇಳು ಗಂಟೆಯಲ್ಲಿ ದಾಟುತ್ತದೆ, ಶಿರಸಿ–ಬೆಂಗಳೂರಿನ ನಾನೂರು ಕಿಲೋಮೀಟರಿಗೆ ನಮಗೆ ಎಂಟೊಂಬತ್ತು ಗಂಟೆ ಬೇಕು. ಪ್ರಯಾಣ ತಪ್ಪಿಹೋಗುವುದೂ ಬಹುತೇಕ ಇಲ್ಲಿಯೇ.

ಕಾರವಾರದವರಿಗೆ ಗೋವಾ ಹತ್ತಿರ. ದಾಬೋಲಿಂ ಸುಮಾರು 90 ಕಿ.ಮೀ., ಎರಡೂವರೆ ತಾಸು ಇಟ್ಟುಕೊಳ್ಳಿ. ಆದರೆ 2023ರ ಜನವರಿಯಿಂದ ಗೋವಾದಲ್ಲಿ ಎರಡು ವಿಮಾನ ನಿಲ್ದಾಣಗಳಿವೆ. ಹೊಸದು ಮೋಪಾದಲ್ಲಿ, ಗೋವಾದ ಉತ್ತರದ ತುದಿಗೆ. ಕಾರವಾರದಿಂದ ಮಡಗಾಂವ್, ಪಣಜಿ ದಾಟಿ 135 ಕಿ.ಮೀ. ಮೇಲಾಗುತ್ತದೆ. ಟಿಕೆಟ್ಟಿನಲ್ಲಿ ಎರಡಕ್ಕೂ ‘ಗೋವಾ’ ಎಂದೇ ಇರುತ್ತದೆ. ಕೋಡ್ ನೋಡಿ: ಜಿಒಐ ಇದ್ದರೆ ದಾಬೋಲಿಂ, ಜಿಒಎಕ್ಸ್ ಇದ್ದರೆ ಮೋಪಾ. ನಮ್ಮ ಪರಿಚಯದವರೊಬ್ಬರು ದಾಬೋಲಿಂ ಗೇಟಿನಲ್ಲಿ ನಿಂತು ಇದನ್ನು ತಿಳಿದುಕೊಂಡರು. ಅಲ್ಲಿಂದ ಮೋಪಾಕ್ಕೆ ಒಂದೂವರೆ ತಾಸಿಗಿಂತ ಕಡಿಮೆ ಇಲ್ಲ.

ಭಟ್ಕಳ, ಹೊನ್ನಾವರದವರಿಗೆ ಮಂಗಳೂರಿನ ಬಜ್ಪೆ ಅನುಕೂಲ. ಭಟ್ಕಳದಿಂದ ಮಂಗಳೂರಿಗೆ ಸುಮಾರು 140 ಕಿ.ಮೀ. ಕೊಲ್ಲಿ ದೇಶಗಳಿಗೆ ಅಲ್ಲಿಂದಲೇ ವಿಮಾನಗಳಿವೆ. ಶಿರಸಿ, ಮುಂಡಗೋಡ, ಯಲ್ಲಾಪುರದವರಿಗೆ ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣ ಹತ್ತಿರ. ಶಿರಸಿಯಿಂದ ಸುಮಾರು 100 ಕಿ.ಮೀ. ಅಲ್ಲಿಂದ ದೇಶದೊಳಗಿನ ವಿಮಾನ ಮಾತ್ರ. ಹುಬ್ಬಳ್ಳಿಯಿಂದ ಬೆಂಗಳೂರು ಅಥವಾ ಮುಂಬೈಗೆ ಹಾರಿ, ಅಲ್ಲಿಂದ ಹೊರದೇಶಕ್ಕೆ ಹೋಗಬಹುದು. ವಯಸ್ಸಾದವರಿದ್ದರೆ ನಾನು ಇದನ್ನೇ ಹೇಳುತ್ತೇನೆ, ರಾತ್ರಿಯಿಡೀ ಬಸ್ಸಿನಲ್ಲಿ ಕಾಲು ಜೋಲಿಸಿ ಕೂರುವುದು ತಪ್ಪುತ್ತದೆ. ಆದರೆ ಎರಡು ವಿಮಾನದ ನಡುವೆ ಐದಾರು ಗಂಟೆಯಾದರೂ ಬಿಡಿ. ಬೆಂಗಳೂರಿನಲ್ಲಿ ಎರಡು ಟರ್ಮಿನಲ್‌ಗಳಿವೆ, ಹೊರದೇಶದ ವಿಮಾನಗಳು 2ರಿಂದ. ನೀವು 1ರಲ್ಲಿ ಇಳಿದರೆ ಬ್ಯಾಗ್ ತೆಗೆದುಕೊಂಡು ಬಸ್ ಹಿಡಿದು ಆ ಕಡೆ ಹೋಗಬೇಕು.

ಬೆಂಗಳೂರಿಗೆ ನೆಲದ ಮೇಲೇ ಹೋಗುವುದಾದರೆ ಕರಾವಳಿಯವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಸಂಜೆ ಕಾರವಾರ ಬಿಟ್ಟು ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರ, ಭಟ್ಕಳ ಮೇಲೆ ಹೋಗಿ ಬೆಳಿಗ್ಗೆ ಬೆಂಗಳೂರಿಗೆ ಮುಟ್ಟಿಸುತ್ತದೆ. ಘಟ್ಟದ ಮೇಲಿನವರಿಗೆ ರಾತ್ರಿ ಬಸ್. ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣ ಇನ್ನೂ ಸುಮಾರು 35 ಕಿ.ಮೀ. ವಾಯುವಜ್ರ ಬಸ್ ಸಿಗುತ್ತದೆ, ಬೆಳಗಿನ ಟ್ರಾಫಿಕ್ಕಿಗೆ ಒಂದೂವರೆ ಗಂಟೆ ಹಿಡಿಯಿರಿ. ಕಾರಿನಲ್ಲಿ ತುಮಕೂರು ಮೇಲೆ ಬರುವವರು ದಾಬಸ್‌ಪೇಟೆಯಲ್ಲೇ ತಿರುಗಿ ದೊಡ್ಡಬಳ್ಳಾಪುರ ದಾರಿಯಲ್ಲಿ ದೇವನಹಳ್ಳಿ ಸೇರಿದರೆ ಪೇಟೆಯ ಒಳಗೆ ಹೋಗುವುದೇ ಬೇಡ.

ರಾತ್ರಿ ಬಸ್ಸು, ರೈಲು ಎರಡೂ ಬೆಂಗಳೂರಿಗೆ ಸೇರುವುದು ಬೆಳಿಗ್ಗೆ. ಹೊರದೇಶದ ವಿಮಾನಗಳಲ್ಲಿ ಬಹಳಷ್ಟು ಹೊರಡುವುದು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ. ಇವೆರಡೂ ಕೂಡಿ ಬರುವುದಿಲ್ಲ. ಹಾಗಾಗಿ ಒಂದೋ ಹಿಂದಿನ ರಾತ್ರಿ ಬಸ್ಸಿಗೆ ಹೋಗಿ ನೆಂಟರ ಮನೆಯಲ್ಲಿ ಹಗಲು ಕಳೆಯಬೇಕು, ಇಲ್ಲವೇ ಹಗಲು ಕಾರಿನಲ್ಲಿ ಹೋಗಬೇಕು. ಟಿಕೆಟ್ ಕೊಳ್ಳುವ ಮೊದಲೇ ಇದನ್ನು ಯೋಚಿಸಿ. ಎರಡು ಸಾವಿರ ರೂಪಾಯಿ ಕಡಿಮೆ ಎಂದು ಹಿಡಿದ ವಿಮಾನ ಒಂದು ದಿನವನ್ನೇ ತಿನ್ನಬಹುದು.

ಮತ್ತೆ ನಮ್ಮ ಮಳೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹೋಗುವವರು ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದು ಜೀವಗಳೇ ಹೋದವು, ರಸ್ತೆ ದಿನಗಟ್ಟಲೆ ಬಂದ್ ಆಯಿತು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಆಮೇಲೆ ಗೋವಾ ಕಡೆಗೆ ಹೋಗುವ, ಬರುವ ಗಾಡಿಗಳೆಲ್ಲ ಒಂದೇ ಸೇತುವೆಗೆ ಬಿದ್ದವು. 2021ರ ಜುಲೈಯಲ್ಲಿ ಅರಬೈಲ್ ಘಟ್ಟದಲ್ಲೂ ಮಣ್ಣು ಜಾರಿ ದಾರಿ ನಿಂತಿತ್ತು. ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ. 2025ರಲ್ಲಿ ಅದು ಜೂನ್ 15ರಿಂದ ಅಕ್ಟೋಬರ್ 20ರವರೆಗೆ ಇತ್ತು, ಆಗ ರೈಲುಗಳು ನಿಧಾನ ಓಡುತ್ತವೆ. ಮಳೆಗಾಲದಲ್ಲಿ ನಾನು ಕೊಡುವ ಲೆಕ್ಕ ಒಂದೇ: ಒಂದು ದಿನ ಮೊದಲೇ ಘಟ್ಟ ದಾಟಿ ಬೆಂಗಳೂರಿನಲ್ಲಿ ಇರುವುದು. ಚಳಿಗಾಲದಲ್ಲಿ ದೇವನಹಳ್ಳಿಯಲ್ಲಿ ಬೆಳಗಿನ ಮಂಜು ಇರುತ್ತದೆ, ಆಗ ಹುಬ್ಬಳ್ಳಿಯಿಂದ ಬರುವ ಬೆಳಗಿನ ವಿಮಾನವೂ ತಡವಾಗಬಹುದು.

ಹೆಜ್ಜೆ 6: ಕಾಯುವ ಹೊತ್ತು

ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮೊದಲು ಕೌಂಟರಿನ ಮುಂದೆ ಇರಬೇಕು. ವೀಲ್‌ಚೇರ್ ಬೇಕಿದ್ದರೆ ಇನ್ನೂ ಅರ್ಧ ಗಂಟೆ ಮೊದಲೇ ಇರಲಿ.

ನಡುವಿನ ಊರಿನಲ್ಲಿ ವಿಮಾನ ಬದಲಿಸುವುದಾದರೆ ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿ, ಒಂದೇ ಪಿಎನ್‌ಆರ್‌ನಲ್ಲಿ ಇರುವಂತೆ ನೋಡಿಕೊಳ್ಳಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನ ಹತ್ತಿಸುವ ಹೊಣೆ ಕಂಪನಿಯದ್ದು. ಬೇರೆ ಬೇರೆ ಟಿಕೆಟ್ ಆದರೆ ಹೊಣೆ ನಿಮ್ಮದೇ. ಅಮೆರಿಕದ ಒಳಗೆ ಮತ್ತೊಂದು ವಿಮಾನ ಇದ್ದರೆ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಬ್ಯಾಗ್ ತೆಗೆದು, ಮತ್ತೆ ಕೊಡಬೇಕು. ಅದಕ್ಕೆ ಮೂರು ಗಂಟೆಗಿಂತ ಕಡಿಮೆ ಬಿಡಬೇಡಿ.

ಹೆಜ್ಜೆ 7: ಎಲ್ಲ ಕೂಡಿಸುವುದು

ಈಗ ಶಿರಸಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ, ದುಬೈ ಮೇಲೆ, ಜನವರಿಯಲ್ಲಿ ಹೊರಡೋಣ. ಲೆಕ್ಕಕ್ಕೆ ಹಿಡಿದ ವಿಮಾನ 15ರ ಬೆಳಗಿನ ಜಾವ 4:30ಕ್ಕೆ ಬೆಂಗಳೂರು ಬಿಡುತ್ತದೆ. ಹಿಂದಿನಿಂದ ಬರುತ್ತೇನೆ. ಮೂರು ಗಂಟೆ ಮೊದಲು ಅಂದರೆ 1:30. ದಾರಿಯಲ್ಲಿ ಏನಾದರೂ ಆದರೆ ಎಂದು ಎರಡೂವರೆ ಗಂಟೆ ಕೈಯಲ್ಲಿರಲಿ, ಹಾಗಾದರೆ 14ರ ರಾತ್ರಿ 11ಕ್ಕೆ ಅಲ್ಲಿರಬೇಕು. ಊಟ, ಚಹಾ ಸೇರಿ ಕಾರಿಗೆ ಒಂಬತ್ತು ಗಂಟೆ. ಅಂದರೆ 14ರ ಮಧ್ಯಾಹ್ನ 2ಕ್ಕೆ ಶಿರಸಿ ಬಿಡಬೇಕು.

ಇನ್ನು ಮುಂದಕ್ಕೆ, ಎಲ್ಲ ಭಾರತದ ಹೊತ್ತಿನಲ್ಲಿ. ದುಬೈಗೆ ನಾಲ್ಕು ಗಂಟೆ, 15ರ ಬೆಳಿಗ್ಗೆ 8:30. ಅಲ್ಲಿ ಎರಡೂವರೆ ಗಂಟೆ ಕಾದು 11ಕ್ಕೆ ಹೊರಟರೆ, 16 ಗಂಟೆ ಹಾರಿ 16ರ ಬೆಳಗಿನ ಜಾವ 3ಕ್ಕೆ ಇಳಿಯುತ್ತದೆ. ಹದಿಮೂರೂವರೆ ಗಂಟೆ ಕಳೆಯಿರಿ. ಅಲ್ಲಿ ಆಗ 15ರ ಮಧ್ಯಾಹ್ನ 1:30. ಇಮಿಗ್ರೇಷನ್, ಬ್ಯಾಗ್, ಕಾರು ಎಲ್ಲಕ್ಕೂ ಎರಡೂವರೆ ಗಂಟೆ. ಮಗನ ಮನೆ ಬಾಗಿಲಿಗೆ ಸಂಜೆ 4.

ಶಿರಸಿಯಲ್ಲಿ ಆಗ 16ರ ಬೆಳಿಗ್ಗೆ 5:30, ಕೊಟ್ಟಿಗೆಯ ದೀಪ ಹಚ್ಚುವ ಹೊತ್ತು. ಒಟ್ಟು 39 ಗಂಟೆ 30 ನಿಮಿಷ. ಅದರಲ್ಲಿ ವಿಮಾನದಲ್ಲಿ ಕೂತದ್ದು 20 ಗಂಟೆ, ಉಳಿದ ಹತ್ತೊಂಬತ್ತೂವರೆ ನೆಲದ ಮೇಲೆ. ತಾಳೆ ನೋಡಲು ಇನ್ನೊಂದು ದಾರಿಯೂ ಇದೆ: 14ರ ಮಧ್ಯಾಹ್ನ 2ರಿಂದ 15ರ ಸಂಜೆ 4ಕ್ಕೆ 26 ಗಂಟೆ, ಅದಕ್ಕೆ 13:30 ಸೇರಿಸಿದರೆ ಮತ್ತೆ 39:30. ಎರಡೂ ಒಂದೇ ಬಂದರೆ ಹಾಳೆಯನ್ನು ಮಡಚಿ ಪಾಸ್‌ಪೋರ್ಟ್ ಒಳಗೆ ಇಡಿ. ಮಾತ್ರೆ ತೆಗೆದುಕೊಳ್ಳುವವರು ಈ 39 ಗಂಟೆಯ ಮಾತ್ರೆಯನ್ನೂ, ಮೇಲೆ ಒಂದು ದಿನದ್ದನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ದೊಡ್ಡ ಬ್ಯಾಗಿನಲ್ಲಿ ಅಲ್ಲ.

ಕೊನೆಯದು, ಬರುವವರನ್ನು ಕರೆತರುವ ಲೆಕ್ಕ

ವಾಪಸ್ ಬರುವಾಗ ತಲುಪುವ ಹೊತ್ತಿನ ಪಕ್ಕದಲ್ಲಿ +1 ಅಥವಾ +2 ಎಂದು ಸಣ್ಣಗೆ ಬರೆದಿರುತ್ತದೆ. ಹೊರಟ ತಾರೀಕಿಗೆ ಅಷ್ಟು ದಿನ ಸೇರಿಸಿ. 20ಕ್ಕೆ ಅಲ್ಲಿ ಹೊರಟು, ತಲುಪುವುದು 02:30, +2 ಎಂದಿದ್ದರೆ, ಬೆಂಗಳೂರಿಗೆ ಇಳಿಯುವುದು 22ರ ಬೆಳಗಿನ ಜಾವ ಎರಡೂವರೆಗೆ. ಹೊರಗೆ ಬರಲು ಒಂದೂವರೆ ಗಂಟೆ, ಅಂದರೆ 4ಕ್ಕೆ. ಕಾರಿನವರಿಗೆ ‘22ಕ್ಕೆ ಬಾ’ ಎಂದರೆ ಅವರು 22ರ ಬೆಳಿಗ್ಗೆ ಶಿರಸಿ ಬಿಡುತ್ತಾರೆ. ‘21ರ ಸಂಜೆ 6ಕ್ಕೆ ಶಿರಸಿ ಬಿಡು, ರಾತ್ರಿ 3ಕ್ಕೆ ದೇವನಹಳ್ಳಿಯಲ್ಲಿರು’ ಎಂದು ಹೇಳಿ. ಡ್ರೈವರ್‌ಗೆ ಅಲ್ಲಿ ಮೂರು ಗಂಟೆಯಾದರೂ ನಿದ್ದೆ ಸಿಗಬೇಕು. ಆಮೇಲೆ ಬೆಳಿಗ್ಗೆ 7ಕ್ಕೆ ಹೊರಟರೆ ಸಂಜೆ 4ರ ಚಹಾಕ್ಕೆ ಮನೆಯಲ್ಲಿರುತ್ತಾರೆ.